ಜಂಬಕ್ಕನ ಬಾನಿಯ ನೊರೆ

ಹೆದರುವುದರಲ್ಲಿ ಮಾರೆಮ್ಮನನ್ನು ಮೀರಿಸುವವರು ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಬಸ್ಸು ಹತ್ತಿ, ಆಧಾರ್ ಕಾರ್ಡು ಕೈಯಲ್ಲೇ ಹಿಡಿದು ಕೂತಿದ್ದರೂ, ಕಂಡಕ್ಟರ್ 'ಇದು ನಡೆಯಲ್ಲ, ಇಳಿ' ಅಂದುಬಿಟ್ಟರೆ ಎಂಬ ಹೆದರಿಕೆ. ಫೋನು ಬಡಿದುಕೊಂಡರೆ ಯಾರು ಸತ್ತರೋ ಎಂದು ಮೊದಲು ಎದೆ ಹಿಡಿದುಕೊಳ್ಳುವಳು, ಆಮೇಲೆ ಫೋನು ಹಿಡಿಯುವಳು. ಹಗ್ಗ ಕಂಡು ಹಾವೆನ್ನುವವರನ್ನು ನೀವೂ ನೋಡಿರುತ್ತೀರಿ. ಈಕೆ ಹಗ್ಗವೇ ಇಲ್ಲದ ಕಡೆ ಹಾವು ಕಾಣುವಾಕೆ. ಊರವರು ನಗುತ್ತಿದ್ದರು. ನಗುವವರಿಗೇನು ಬಂತು, ಅವರ ಕೈಯಲ್ಲಿ ಊರಿನ ನೀರಿರಲಿಲ್ಲ.

ಮಾರೆಮ್ಮನ ಕೈಯಲ್ಲಿತ್ತು. ಗಂಡ ಹುಲುಗಪ್ಪ ಕೂಡ್ಲಿಗಿ ಕಡೆಯ ಒಂದು ಹಳ್ಳಿಯಲ್ಲಿ ಪಂಚಾಯ್ತಿ ನೀರುಗಂಟಿಯಾಗಿದ್ದ. ಕಾಮಾಲೆಯಾಗಿ ಅವನು ತೀರಿಕೊಂಡ ಮೇಲೆ ವಾಲ್ವು ತಿರುಗಿಸುವ ಕಬ್ಬಿಣದ ಕೀಲಿ ಈಕೆಯ ಹೆಗಲಿಗೆ ಬಂತು. ಬೆಳಗಾದರೆ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಬೇಕು, ಓಣಿ ಓಣಿಗೆ ನೀರು ಬಿಡಬೇಕು. ಒಂದು ಮಳೆಗಾಲದಲ್ಲಿ ಪುಡಿ ಮುಗಿಯುತ್ತಾ ಬಂತು. ಪಂಚಾಯ್ತಿ ಆಫೀಸಿಗೆ ಹೋಗಿ 'ಪುಡಿ ಕೊಡ್ರಿ' ಎಂದು ಕೇಳಬೇಕಿತ್ತು. ಅಷ್ಟೇ. ಆ ಅಷ್ಟನ್ನು ಕೇಳಲು ಈ ಹೆಂಗಸಿಗೆ ಬಾಯಿ ಬರಲಿಲ್ಲ. ಇದ್ದುದನ್ನೇ ಚಿಟಿಕೆ ಚಿಟಿಕೆ ಹಾಕಿ ದಿನ ದೂಡಿದಳು. ಚರಂಡಿಯ ಪಕ್ಕದ ಪೈಪು ಅದೇ ಹೊತ್ತಿಗೆ ಒಡೆಯಿತು. ಮನೆಮನೆಯಲ್ಲೂ ವಾಂತಿಭೇದಿ. ಹೇಗೋ ಎಲ್ಲರೂ ಉಳಿದುಕೊಂಡರು, ಉಚ್ಚಂಗೆಮ್ಮನ ಪುಣ್ಯ. ಆದರೆ ಗ್ಲೂಕೋಸ್ ಬಾಟಲಿ ತೂಗುಹಾಕಿದ ಶಾಲೆಯ ವರಾಂಡದಲ್ಲಿ ಚಾಪೆಯ ಮೇಲೆ ಮಲಗಿದವರನ್ನು ನೋಡುತ್ತಾ ಮಾರೆಮ್ಮ ನಿಂತಲ್ಲೇ ಬೆವೆತಿದ್ದಳು.

ಅದರಿಂದ ಕಲಿಯಬೇಕಾದ ಪಾಠ ಒಂದು, ಆಕೆ ಕಲಿತದ್ದು ಇನ್ನೊಂದು. ಬೇಕಾದದ್ದನ್ನು ಬಾಯಿಬಿಟ್ಟು ಕೇಳಬೇಕು ಎಂದು ಕಲಿಯಬೇಕಿತ್ತು. ಪುಡಿ ಯಾವತ್ತೂ ಒಂದು ಹಿಡಿ ಹೆಚ್ಚೇ ಇರಬೇಕು ಎಂದು ಕಲಿತಳು. ಪುಡಿ ಕಡಿಮೆಯಾದರೆ ಜೀವ ಹೋಗುತ್ತದೆ, ಹೆಚ್ಚಾದರೆ ನಾಲ್ಕು ಮಾತು ಬೈಯುತ್ತಾರೆ, ಬೈಗುಳ ತಿಂದು ಯಾರೂ ಸತ್ತಿಲ್ಲ. ಇದು ಆಕೆಯ ಲೆಕ್ಕ.

ಇಂಥವಳನ್ನು ಕೊಟ್ಟೂರಿನ ಸೋಮಶೇಖರ್ ಪಂಚಾಯ್ತಿ ಕೆಲಸ ಬಿಡಿಸಿ ತನ್ನ ಮನೆಗೆ ಕರೆದ. ಅವನದು ಮೆಕ್ಕೆಜೋಳದ ವ್ಯಾಪಾರ, ಮಾರೆಮ್ಮನ ಊರಿನಲ್ಲಿ ಹೊಲ. ತಾಯಿ ಜಂಬಕ್ಕನಿಗೆ ಮೊಣಕಾಲು ನೋವು, ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಬಿಸಿನೀರಲ್ಲಿ ಕಾಲು ಇಳಿಬಿಟ್ಟು ಕೂತರೆ ಹಗುರಾಗುತ್ತದೆ ಎಂದು ಯಾರೋ ಹೇಳಿದ್ದೇ ತಡ, ಮಗರಾಯ ದೊಡ್ಡದೊಂದು ಟಬ್ಬು ತರಿಸಿ ಹಿತ್ತಲ ಕೋಣೆಯಲ್ಲಿ ಕೂರಿಸಿಬಿಟ್ಟ. ನಾಲ್ಕು ಜನ ಕೂರಬಹುದು. ಗುಂಡಿ ಒತ್ತಿದರೆ ಬದಿಗಳಿಂದ ಬಿಸಿನೀರು ಬುಸುಬುಸು ಎಂದು ನುಗ್ಗಿ ಮೈಯನ್ನು ತಟ್ಟುತ್ತದೆ.

"ಎಮ್ಮಿ ತೊಳಿಯೋ ಹೊಂಡ ತಂದು ಮನಿಯಾಗ ಇಟ್ಟಾನಲ್ಲವ್ವ ನನ್ನ ಮಗ!" ಎಂದು ಜಂಬಕ್ಕ ಓಣಿಗೆಲ್ಲ ಕೇಳುವಂತೆ ನಕ್ಕಿದ್ದಳು. ಒಂದು ಸಲ ಇಳಿದು ಎದ್ದಮೇಲೆ ಆ ನಗೆ ಎಲ್ಲಿ ಹೋಯಿತೋ. ದಿನ ಬೆಳಗಾದರೆ "ನನ್ನ ಬಾನಿ ಕಾದೈತೇನು?" ಎಂದೇ ಹಾಸಿಗೆಯಿಂದ ಏಳತೊಡಗಿದಳು.

ಆ ಬಾನಿಯ ನೀರು ನೋಡಿಕೊಳ್ಳುವುದು ಮಾರೆಮ್ಮನ ಕೆಲಸ. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವಳು. ಟಬ್ಬು ಕೂರಿಸಿದ ಹುಬ್ಬಳ್ಳಿಯ ಫಿಟ್ಟರ್ ಎಲ್ಲ ಹೇಳಿಕೊಟ್ಟಿದ್ದ. ಬಣ್ಣದ ಚೌಕಗಳಿರುವ ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿ, ಡಬ್ಬಿಯ ಮೇಲಿನ ಬಣ್ಣಗಳ ಜೊತೆ ಹೊಂದಿಸಿ ನೋಡಬೇಕು. ನೀರು ಕೆಡದಿರಲು ತಾನು ಕೊಟ್ಟ ಬಿಳಿ ಹರಳನ್ನೇ ಅಳೆದು ಹಾಕಬೇಕು, ಬೇರೆ ಪುಡಿ ಸೇರಿಸಬಾರದು. ಫಿಲ್ಟರ್ ಬಿಚ್ಚಿ ತೊಳೆಯಬೇಕು. ಎಣ್ಣೆ, ಸಾಬೂನು ಹಚ್ಚಿದ ಮೈ ಮಾತ್ರ ನೀರಿಗೆ ಸೋಕಲೇಕೂಡದು.

ಕಡೆಯ ಮಾತನ್ನು ಸೊಸೆ ನಾಗರತ್ನ ಕಟ್ಟುನಿಟ್ಟಾಗಿ ಹಿಡಿದಳು. ಆಕೆ ಮನೆ ನಡೆಸುವಾಕೆ, ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳುವ ಜಾಯಮಾನ ಅಲ್ಲ. "ಅತ್ತಿ, ಎಣ್ಣಿ ಬಾಟ್ಲಿ ಆ ಕ್ವಾಣಿ ಹೊಸ್ತಿಲ ದಾಟಿತು ಅಂದ್ರ ಟಬ್ ಎತ್ತಿಸಿ ಹೊರಗ ಒಗಸ್ತೀನಿ ನೋಡ್ರಿ."

ಜಂಬಕ್ಕ ತಲೆಯಾಡಿಸಿದಳು. ತಲೆಯಾಡಿಸಿದಳು ಅಷ್ಟೇ. ಎಣ್ಣೆ ಹಚ್ಚದ ಮೈಗೆ ಬಿಸಿನೀರು ಬಿದ್ದರೆ ವಾಯು ಏರುತ್ತದೆಂದು ಆಕೆಯ ತಾಯಿ ಹೇಳಿದ್ದಳು, ತಾಯಿಗೆ ಆಕೆಯ ತಾಯಿ. ಹುಟ್ಟಿದ ಕೂಸಿನಿಂದ ಹಿಡಿದು ಬಾಣಂತಿಯವರೆಗೆ ಔಡಲೆಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ ಎರೆದುಕೊಂಡೇ ಬಂದ ಮನೆತನ. ಹುಬ್ಬಳ್ಳಿಯ ಹುಡುಗನೊಬ್ಬ ಬಂದು ಬೇಡ ಅಂದರೆ ಬಿಡುವುದುಂಟೇ? ಜೋಳದ ಡಬ್ಬಿಯಲ್ಲಿ ಎಣ್ಣೆ ಬಾಟಲಿ ಹೂತಿಟ್ಟಳು. ಸೊಸೆ ಅತ್ತ ತಿರುಗಿದರೆ ಇತ್ತ ಮೊಣಕಾಲಿಗೆ, ಸೊಂಟಕ್ಕೆ, ತೋಳಿಗೆ ತಿಕ್ಕಿಕೊಂಡು, ಮೇಲೊಂದಿಷ್ಟು ಸೀಗೆಪುಡಿ ಸವರಿಕೊಂಡು, ಸೀರೆ ಸುತ್ತಿಕೊಂಡು ಬಾನಿಗಿಳಿಯುವಳು.

ನೊರೆ ಬರದೆ ಇನ್ನೇನು ಬರುತ್ತದೆ?

ಮೊದಲು ಅಂಚಿಗೆ ತೆಳ್ಳಗೆ ಬಂತು. ಆಮೇಲೆ ಗುಂಡಿ ಒತ್ತಿದರೆ ಸಾಕು, ಹಾಲು ಉಕ್ಕಿದ ಹಾಗೆ ಮೇಲೆದ್ದು ನೆಲಕ್ಕಿಳಿಯತೊಡಗಿತು. ಮಾರೆಮ್ಮನಿಗೆ ಚಾಪೆಯ ಮೇಲೆ ಸಾಲಾಗಿ ಮಲಗಿದ್ದ ಊರವರೇ ಕಣ್ಣ ಮುಂದೆ ಬಂದರು. ನೀರು ಕೆಟ್ಟಿದೆ. ತನ್ನ ಕೈಯ ನೀರು ಮತ್ತೆ ಕೆಟ್ಟಿದೆ. ಆ ಮುದುಕಿ ಅದರಲ್ಲಿ ಕುತ್ತಿಗೆಮಟ ಕೂರುತ್ತಾಳೆ.

ಫಿಟ್ಟರ್ ಕೊಟ್ಟ ಹರಳು ಅಷ್ಟರಲ್ಲಿ ಮುಗಿದಿತ್ತು. ಹೊಸ ಡಬ್ಬಿ ತರಿಸಿ ಎಂದು ನಾಗರತ್ನಳನ್ನು ಕೇಳಬೇಕು. ಮತ್ತೆ ಅದೇ ಕಥೆ ನೋಡಿ, ಬಾಯಿ ಬರಲಿಲ್ಲ! ಪೇಟೆಯ ಅಂಗಡಿಯಿಂದ ತನಗೆ ಗೊತ್ತಿದ್ದ ಬ್ಲೀಚಿಂಗ್ ಪುಡಿ ತಂದಳು. ಪಂಚಾಯ್ತಿ ಟ್ಯಾಂಕಿಗೆ ಮಾಡುತ್ತಿದ್ದಂತೆಯೇ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿಯಲು ಬಿಟ್ಟು, ತಿಳಿಯನ್ನು ಟಬ್ಬಿಗೆ ಹೊಯ್ದಳು. ನೊರೆ ಇಳಿಯಲಿಲ್ಲ. ಇನ್ನೊಂದು ಹಿಡಿ. ಕೊಟ್ಟೂರಿನ ಬೋರಿನ ನೀರು ಮೊದಲೇ ಗಡಸು. ಈಗ ಟಬ್ಬಿನ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿತು. ನೊರೆ ಮಾತ್ರ ಹಾಗೇ ಇತ್ತು.

ಒಂದು ದಿನ ಫಿಲ್ಟರ್ ಬಿಚ್ಚಿದರೆ ಕೈಗೆ ಜಿಗಟು ಹತ್ತಿತು. ಮೂಗಿನ ಹತ್ತಿರ ಹಿಡಿದಳು. ಔಡಲೆಣ್ಣೆ. ಹಳ್ಳಿಯಲ್ಲಿ ಹುಟ್ಟಿದವರಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

"ಏನ್ ಮೂಸ್ತೀಯೇ ಮಾರಿ?" ಹಿಂದೆ ಜಂಬಕ್ಕ ಗೋಡೆ ಹಿಡಿದು ನಿಂತಿದ್ದಳು.

"ಏನಿಲ್ರಿ ಅಮ್ಮಾರ."

"ಹೂಂ. ಏನಿಲ್ಲ ಅಂದ್ರ ಏನಿಲ್ಲ. ಯಾರು ಕೇಳಿದ್ರೂ ಏನಿಲ್ಲ. ತಿಳೀತಿಲ್ಲೋ?"

ತಿಳಿಯಿತು. ಅತ್ತೆಯ ಮಾತು ಕೇಳಿದರೆ ಸೊಸೆಯ ಸಿಟ್ಟು, ಸೊಸೆಗೆ ಹೇಳಿದರೆ ಅತ್ತೆಯ ಸಿಟ್ಟು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಮನೆಯಲ್ಲಿ ನೊಗ ಹಿಡಿದವಳ ಪಾಡೇನು? ಮಾರೆಮ್ಮ ಫಿಲ್ಟರ್ ಉಜ್ಜಿ ತೊಳೆದು ಸುಮ್ಮನೆ ಹಾಕಿದಳು. ಅವತ್ತೇ ಬಾಯಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಕೊನೆಗೆ ನಾಗರತ್ನಳ ಕಣ್ಣಿಗೂ ನೊರೆ ಬಿತ್ತು. "ಏನವ್ವ ಇದು, ಧೋಬಿಘಾಟ್ ಮಾಡಿಟ್ಟೀಯಲ್ಲ! ನಾನು ಹಗರಿಬೊಮ್ಮನಹಳ್ಳಿಗೆ ಸೀಮಂತಕ್ಕ ಹೊಂಟೀನಿ. ನಾ ಬರೋದ್ರೊಳಗ ಇದು ಹೋಗಿರಬೇಕು. ಇಲ್ಲಾಂದ್ರ ಬ್ಯಾರೆಯವ್ರನ್ನ ನೋಡ್ಕಂತೀನಿ" ಎಂದು ಹೇಳಿ ಕಾರು ಹತ್ತಿದಳು. ಸೋಮಶೇಖರ್ ಆಗಲೇ ವ್ಯಾಪಾರಕ್ಕೆ ಹೋಗಿದ್ದ. ಮನೆಯಲ್ಲಿ ಉಳಿದವರು ಇಬ್ಬರೇ.

ಮಾರೆಮ್ಮ ಫಿಟ್ಟರ್‌ಗೆ ಫೋನು ಹಚ್ಚಿದಳು. ಅವನು ಪಟ್ಟಿಯ ಬಣ್ಣ ಕೇಳಿದ. "ಪಿಎಚ್ ಭಾಳ ಏರೇತ್ರಿ ಅಕ್ಕಾರ. ನೀರೂ ಗಡಸು. ಎಣ್ಣಿ, ಸಾಬೂನು ಏನರ ಬೀಳಾಕ ಹತ್ತೇತೇನ್ರಿ?"

ಬಾಗಿಲಲ್ಲಿ ಜಂಬಕ್ಕ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ಇಲ್ರಿ" ಎಂದಳು ಮಾರೆಮ್ಮ.

"ಹಂಗಾರ ಪಿಎಚ್ ಇಳಸಾಕ ಆಸಿಡ್ ಪುಡಿ ಬೇಕಾಗತೈತಿ. ನಾ ನಾಳೆ ಬರೋತನಕ ಏನೂ ಹಾಕಬ್ಯಾಡ್ರಿ. ಯಾರನ್ನೂ ಇಳಸಬ್ಯಾಡ್ರಿ."

ನಾಳೆ! ನಾಗರತ್ನ ಬರುವುದು ಇವತ್ತು ಸಂಜೆಗೆ. ಆಸಿಡ್ಡು ಮನೆಯಲ್ಲಿಲ್ಲವೇ, ಸಂಡಾಸು ತೊಳೆಯುವ ಬಾಟಲಿ ಬಚ್ಚಲ ಮೂಲೆಯಲ್ಲೇ ಇದೆ. ಆಸಿಡ್ಡು ಅಂದರೆ ಆಸಿಡ್ಡು. ಪುಡಿಯಾದರೇನು, ನೀರಾದರೇನು?

"ಅಮ್ಮಾರ, ಇವತ್ತು ಬ್ಯಾಡ್ರಿ. ಅವ ಬ್ಯಾಡ ಅಂದಾನ."

"ಸೊಸಿ ಮನಿಯಾಗ ಇಲ್ಲದ ದಿನ ನೀನು ಬ್ಯಾಡ ಅಂತೀಯಾ? ಸರಿ ಅತ್ತಾಗ!"

ಮಾರೆಮ್ಮ ಸರಿದಳು. ತಡೆಯುವುದು ಆಕೆಯ ಹಣೆಯಲ್ಲಿ ಬರೆದಿರಲಿಲ್ಲ. ಜಂಬಕ್ಕ ಅವತ್ತು ಕದ್ದು ಮುಚ್ಚಿ ಹಚ್ಚುವ ಗೋಜಿಲ್ಲವೆಂದು ಅಡಿಯಿಂದ ಮುಡಿಯವರೆಗೆ ಎಣ್ಣೆ ಬಳಿದುಕೊಂಡು ಬಂದಿದ್ದಳು. ಗಾಳಿಗೆ ಮೈ ತಣ್ಣಗಾಗದಿರಲೆಂದು ಕಿಟಕಿ ಮುಚ್ಚಿಸಿದಳು. ಇಳಿದು ಗುಂಡಿ ಒತ್ತಿದ್ದೇ, ನೊರೆ ಎದೆ ದಾಟಿ ಗದ್ದ ಮುಟ್ಟಿತು.

"ಯವ್ವಾ, ಬಾಯಾಗ ಬಂತಲ್ಲೇ! ಏನರ ಹಾಕಿ ತೆಗಿ ಇದನ್ನ!"

ಟಬ್ಬಿನ ಪಕ್ಕದಲ್ಲೇ ಬ್ಲೀಚಿಂಗ್ ಕಲಸಿದ ಬಕೆಟ್ಟಿತ್ತು, ತಳದಲ್ಲಿ ಗಟ್ಟಿ ಗಸಿ. ಆಸಿಡ್ಡನ್ನು ಒಮ್ಮೆಲೇ ಟಬ್ಬಿಗೆ ಸುರಿದರೆ ಮೈ ಸುಟ್ಟೀತು, ಬಕೆಟ್ಟಿನಲ್ಲಿ ಕಲಸಿಯೇ ಹಾಕಬೇಕು, ಇಷ್ಟು ದಿನ ಹಾಗೇ ಅಲ್ಲವೇ ಹಾಕಿದ್ದು? ಅದೇ ಜಾಗ್ರತೆಯಿಂದ, ಅದೇ ಭಯಭಕ್ತಿಯಿಂದ ಮಾರೆಮ್ಮ ಬಾಟಲಿಯ ಮುಚ್ಚಳ ತೆಗೆದು ಆ ಗಸಿಯ ಮೇಲೆ ಬಗ್ಗಿಸಿದಳು.

ಬಕೆಟ್ಟು ಚರ್ರ್ ಎಂದಿತು. ಹಳದಿ ಹೊಗೆ ಭುಸ್ಸೆಂದು ಎದ್ದು ಮುಖಕ್ಕೆ ಬಡಿಯಿತು. ಕಣ್ಣಿಗೆ ಖಾರ ಎರಚಿದಂತಾಗಿ ಗಂಟಲು ಕಟ್ಟಿತು. ಉಸಿರು ಎಳೆದರೆ ಒಳಗೆ ಹೋಗದು, ಬಿಟ್ಟರೆ ಹೊರಗೆ ಬಾರದು. ಬಾಟಲಿ ಎಲ್ಲಿ ಬಿತ್ತೋ. ಮಾರೆಮ್ಮ ಓಡಿದಳು.

ಹೌದು, ಓಡಿದಳು. ಹಿಂದೆ ತಿರುಗಿಯೂ ನೋಡಲಿಲ್ಲ. ಹಿತ್ತಲಿನ ಬೇವಿನ ಮರದ ಬುಡಕ್ಕೆ ಬಂದು ಕೆಮ್ಮಿ, ಕಾರಿ, ಮತ್ತೆ ಕೆಮ್ಮಿದಳು. ಒಳಗೆ ಜಂಬಕ್ಕನೂ ಕೆಮ್ಮುತ್ತಿದ್ದಳು. ಕೆಮ್ಮಿನ ನಡುವೆ "ಮಾರೀ... ಮಾರೀ..." ಎನ್ನುತ್ತಿದ್ದಳು. ಎದುರಿಗೆ ಗೇಟು ತೆರೆದೇ ಇತ್ತು. ಹೊರಗೆ ರಸ್ತೆ, ರಸ್ತೆಯಾಚೆ ಬಸ್ಸು. ಮನೆಯಲ್ಲಿ ಯಾರೂ ಇಲ್ಲ. ತಾನು ಹೋದದ್ದನ್ನು ನೋಡುವವರು ಯಾರು? ಮುದುಕಿ ಸತ್ತರೆ ಪೊಲೀಸು, ಜೈಲು, ಊರವರ ಬಾಯಿ. ಕಾಲು ಗೇಟಿನ ಕಡೆ ಎರಡು ಹೆಜ್ಜೆ ಇಟ್ಟೇಬಿಟ್ಟವು.

ಆಗ ಒಳಗಿನ ಕೆಮ್ಮು ನಿಂತಿತು.

ಜೀವಮಾನದಲ್ಲಿ ಮಾರೆಮ್ಮ ಎಷ್ಟೋ ಸದ್ದಿಗೆ ಬೆಚ್ಚಿದ್ದಳು. ಸದ್ದು ನಿಂತದ್ದಕ್ಕೆ ಬೆಚ್ಚಿದ್ದು ಅದೇ ಮೊದಲು. ನೀರು ಬುಸುಗುಡುವುದೊಂದೇ ಕೇಳುತ್ತಿತ್ತು. ಹೆದರಿಕೆ ಹೋಯಿತು ಅಂತ ಹೇಳಿದರೆ ನಾನು ಸುಳ್ಳು ಹೇಳಿದಂತೆ. ಹೋಗಲಿಲ್ಲ. ಮೈಯೆಲ್ಲ ಗಡಗಡ ನಡುಗುತ್ತಲೇ, "ಯವ್ವಾ, ಯವ್ವಾ" ಎಂದು ಅಳುತ್ತಲೇ, ಸೆರಗನ್ನು ಹಿತ್ತಲ ತೊಟ್ಟಿಯ ನೀರಲ್ಲಿ ಅದ್ದಿ ಮೂಗುಬಾಯಿಗೆ ಬಿಗಿದುಕೊಂಡು ಅದೇ ಬಾಗಿಲಿಗೆ ಮತ್ತೆ ನುಗ್ಗಿದಳು.

ಕಣ್ಣು ಬಿಡಲಾಗುತ್ತಿರಲಿಲ್ಲ. ತಡವಿಕೊಂಡು ಟಬ್ಬಿನ ಅಂಚು ಹಿಡಿದಳು. ಜಂಬಕ್ಕನ ತಲೆ ಒಂದು ಕಡೆ ವಾಲಿ, ಗದ್ದ ನೊರೆಯಲ್ಲಿತ್ತು. ತೋಳು ಹಿಡಿದು ಎಳೆದಳು. ಜಾರಿತು. ಕಂಕುಳಿಗೆ ಕೈ ಹಾಕಿದಳು. ಅಲ್ಲೂ ಜಾರಿತು. ಹಾಳಾದ ಔಡಲೆಣ್ಣೆ! ಬಡಕಲು ಮುದುಕಿ, ಒಂದು ಜೋಳದ ಚೀಲದ ಭಾರವೂ ಇರಲಿಲ್ಲ. ಆದರೆ ಎಲ್ಲಿ ಹಿಡಿದರೂ ಮೀನಿನಂತೆ ಕೈಯಿಂದ ನುಣುಚಿ ಮತ್ತೆ ನೀರಿಗೆ ಬೀಳುತ್ತಿದ್ದಳು. ಎರಡನೇ ಸಲ ಮುಖ ಪೂರ್ತಿ ಮುಳುಗಿತು. ಮಾರೆಮ್ಮನ ಎದೆ ಒಡೆಯುವಂತಿತ್ತು. ಕೊನೆಗೆ ಮುದುಕಿಯ ತೊಯ್ದ ಸೀರೆಯನ್ನೇ ಎರಡೂ ಕೈಗೆ ಸುತ್ತಿಕೊಂಡು, ಕಾಲನ್ನು ಟಬ್ಬಿಗೆ ಒದ್ದು ಜಗ್ಗಿದಳು. ಇಬ್ಬರೂ ಒಟ್ಟಿಗೆ ನೆಲಕ್ಕೆ ಬಿದ್ದರು. ಬಿದ್ದವಳನ್ನು ಹಾಗೇ ಹಿತ್ತಲವರೆಗೆ ಎಳೆದು ತಂದಳು.

ಆಮೇಲೆ ಕೂಗಿದಳು ನೋಡಿ! ಊರಿನಲ್ಲಿ ನೀರು ಬಂತೆಂದು ಕೂಡ ಗಟ್ಟಿಯಾಗಿ ಕೂಗದವಳ ಕೂಗಿಗೆ ಎದುರುಮನೆಯ ಆಟೋ ಹೊನ್ನೂರಸ್ವಾಮಿ ಊಟದ ತಟ್ಟೆ ಬಿಟ್ಟು ಓಡಿಬಂದ.

ಆಸ್ಪತ್ರೆಯಲ್ಲಿ ಜಂಬಕ್ಕನ ತುಟಿ ನೀಲಿಯಾಗಿತ್ತು. ಎದೆಯಲ್ಲಿ ಗೊರಗೊರ ಸದ್ದು. ಆಕ್ಸಿಜನ್ ಹಚ್ಚಿದರು. ಸುದ್ದಿ ತಿಳಿದು ನಾಗರತ್ನ ಸೀಮಂತದ ಸೀರೆಯಲ್ಲೇ ಬಂದಳು. "ಹಾರ್ಟಿಂದ ಏನರ ಆಗಿರಬೇಕ್ರಿ ಡಾಕ್ಟರ್, ವಯಸ್ಸಾಗೇತಿ" ಎಂದಳು.

ಡಾಕ್ಟರ್ ಒಪ್ಪಲಿಲ್ಲ. "ಇದು ಬರೀ ಹಾರ್ಟ್ ಅಲ್ಲಮ್ಮ. ಏನನ್ನೋ ಉಸಿರಾಡಿದ್ದಾರೆ. ಏನು ಅಂತ ಗೊತ್ತಾದರೆ ಅದಕ್ಕೆ ತಕ್ಕ ಹಾಗೆ ನೋಡಬಹುದು. ಜೊತೆಗಿದ್ದವರು ಯಾರು?"

ಎಲ್ಲರೂ ಮಾರೆಮ್ಮನ ಕಡೆ ತಿರುಗಿದರು. ಗೊತ್ತಿಲ್ಲ ಎನ್ನುವುದು ಎಷ್ಟು ಸುಲಭವಿತ್ತು! ಬಾನಿಯಲ್ಲಿ ತಲೆ ತಿರುಗಿ ಬಿದ್ದರು, ನಾನು ಎಳೆದು ತಂದೆ, ಅಷ್ಟೇ ಸಾಕಿತ್ತು. ಹೊಗಳಿ ಮನೆಗೆ ಕಳಿಸುತ್ತಿದ್ದರು. ಪರದೆಯ ಹಿಂದಿನಿಂದ ಆ ಗೊರಗೊರ ಕೇಳುತ್ತಲೇ ಇತ್ತು.

"ನಾನ ರಿ" ಎಂದಳು ಮಾರೆಮ್ಮ. ಕೆಮ್ಮು ಬಂತು, ತಡೆದುಕೊಂಡಳು. "ಬ್ಲೀಚಿಂಗ್ ಪುಡಿ ಕಲಸಿದ್ ಬಕೀಟಿಗೆ ಸಂಡಾಸ್ ತೊಳಿಯೋ ಆಸಿಡ್ ಹಾಕಿದ್ನಿ. ಹಳದಿ ಹೊಗಿ ಬಂತು. ಕಿಟಕಿ ಹಾಕಿತ್ತು. ಅಮ್ಮಾರು ಒಳಗ ಇದ್ರು. ಮೊದಲು ನಾನು ಒಬ್ಬಾಕೀನ ಹೊರಗ ಓಡಿ ಬಂದ್ನಿ ರಿ. ಆಮ್ಯಾಲೆ ಹೋಗಿ ತಂದ್ನಿ."

ನಾಗರತ್ನ ಬಾಯಿಗೆ ಕೈ ಹಿಡಿದಳು. ಡಾಕ್ಟರ್ "ಕ್ಲೋರಿನ್ ಅನಿಲ" ಎಂದವರೇ ಪರದೆ ಸರಿಸಿ ಒಳಗೆ ಹೋದರು. ನರ್ಸಿಗೆ ಬೇರೆ ಔಷಧಿ ತರಲು ಹೇಳಿದರು, ಕಣ್ಣು ತೊಳೆಸಿದರು, ಎಣ್ಣೆ ಬಳಿದ ಮೈಯನ್ನೆಲ್ಲ ನೀರಿನಿಂದ ತೊಳೆಸಿದರು. ಮಾರೆಮ್ಮನನ್ನೂ ಕೂರಿಸಿ ಮೂಗಿಗೆ ಔಷಧಿಯ ಹಬೆ ಹಿಡಿಸಿದರು. ಪೊಲೀಸರು ಈಗ ಬರುತ್ತಾರೆ, ಈಗ ಬರುತ್ತಾರೆ ಎಂದು ಬಾಗಿಲು ನೋಡುತ್ತಲೇ ಆಕೆ ಆ ಹಬೆ ಎಳೆದುಕೊಂಡಳು.

ಜಂಬಕ್ಕ ಉಳಿದಳು. ಮಾತಾಡುವಷ್ಟು ಉಸಿರು ಬಂದ ದಿನ ಸೊಸೆ ಮಂಚದ ಬಳಿ ಕೂತಿದ್ದಳು, ಮಾರೆಮ್ಮ ಬಾಗಿಲಲ್ಲೇ ನಿಂತಿದ್ದಳು. ಇನ್ನು ತನ್ನ ಋಣ ಮುಗಿಯಿತು ಎಂದುಕೊಂಡೇ ಬಂದಿದ್ದಳು. ಮುದುಕಿ ಮೂಗಿನ ಕೊಳವೆ ಸರಿಸಿ ಸೊಸೆಗೆ ಹೇಳಿದಳು. "ನೊರಿ ಬಂದಿದ್ದು ಈಕಿಯಿಂದಲ್ಲ ನಾಗರತ್ನ. ನನ್ನ ಎಣ್ಣಿಯಿಂದ. ಬಾಟ್ಲಿ ಜೋಳದ ಡಬ್ಬಿಯಾಗ ಐತಿ."

"ಎಣ್ಣಿ ಬೇಕು ಅಂತ ನನಗ ಹೇಳಬೇಕಿಲ್ಲೋ ಅತ್ತಿ? ನಾನೇನು ಹುಲಿನಾ?"

"ಹುಲಿ ಹೊಟ್ಟಿ ತುಂಬಿದ ಮ್ಯಾಲಾದ್ರೂ ಸುಮ್ಮನ ಮಲಗತೈತಿ ನಮ್ಮವ್ವ." ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ ದನಿಯೂ ತಗ್ಗಿತು. "ನಿನಗ ಅಂಜಿ ನಾನು ಬಾಟ್ಲಿ ಮುಚ್ಚಿಟ್ಟೆ. ನನಗ ಅಂಜಿ ಈಕಿ ಬಾಯಿ ಮುಚ್ಚಿಕೊಂಡ್ಲು. ನಮ್ಮಿಬ್ಬರ ಅಂಜಿಕಿ ಕೂಡಿ ನನ್ನ ಸುಡುಗಾಡಿಗೆ ಕಳಸ್ತಿತ್ತು."

ನಾಗರತ್ನ ಅತ್ತೆಯ ಕಾಲಿನ ಮೇಲೆ ಹೊದಿಕೆ ಎಳೆದು, ಅಲ್ಲೇ ಕೈಯಿಟ್ಟುಕೊಂಡು ಕೂತಳು. ಅವಳ ಕಣ್ಣಲ್ಲಿ ನೀರಿತ್ತು.

ಹುಬ್ಬಳ್ಳಿಯ ಫಿಟ್ಟರ್ ಬಂದು, ಕಿಟಕಿ ಬಾಗಿಲು ತೆರೆಸಿ, ನೀರನ್ನೆಲ್ಲ ಬಸಿದು, ಕೊಳವೆಗಳನ್ನು ತೊಳೆದು ಹೊಸ ನೀರು ತುಂಬಿಸಿದ. ಗಡಸು ಇಳಿಸಲು ಒಂದು ಔಷಧಿ, ಹರಳಿನ ಹೊಸ ಡಬ್ಬಿ ಕೊಟ್ಟ. ಸೋಮಶೇಖರ್‌ಗೆ ಬೇರೆ ಕೆಲಸದಾಕೆ ಬೇಕೆನಿಸಿತ್ತು. "ಮಾರಿ ಬರಂಗಿಲ್ಲ ಅಂದ್ರ ನಾನೂ ಇಳಿಯಂಗಿಲ್ಲ" ಎಂದು ತಾಯಿ ಹಟ ಹಿಡಿದಳು. ಮಾರೆಮ್ಮ ಬಂದಳು. ಬ್ಲೀಚಿಂಗ್ ಪುಡಿಯ ಚೀಲವನ್ನೂ ಆಸಿಡ್ ಬಾಟಲಿಯನ್ನೂ ಆ ಕೋಣೆಯಿಂದ ದೂರ, ಬೇರೆ ಬೇರೆ ಕಡೆ ಇಟ್ಟಳು. ಬರುವ ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ.

ಜಂಬಕ್ಕ ಕೋಲೂರಿಕೊಂಡು ಕೋಣೆಯ ಬಾಗಿಲಿಗೆ ಬಂದಳು. ಮಾರೆಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಮೂಗಿಗೆ ಪರಿಚಯದ ವಾಸನೆ ಬಂತು.

"ಅಮ್ಮಾರ, ಎಣ್ಣಿ ಹಚ್ಚೀರೇನು?"

"ಒಂದೀಟು. ಮೊಣಕಾಲಿಗೆ ಅಷ್ಟ. ಸರಿ ಅತ್ತಾಗ."

ಮಾರೆಮ್ಮನ ಕೈ ಬಾಗಿಲಚೌಕಟ್ಟು ಹಿಡಿದಿತ್ತು. ದನಿ ಎಲ್ಲೋ ಬಾವಿಯಿಂದ ಬಂದಂತೆ ಬಂತು. "ಹೋಗಿ ತೊಳಕಂಡು ಬರ್ರಿ ಅಮ್ಮಾರ. ಅಲ್ಲೀತನಕ ನಾ ಸರಿಯಂಗಿಲ್ಲ."

ಜಂಬಕ್ಕ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಗೊಣಗುತ್ತಾ, ಕೋಲು ಕುಟ್ಟುತ್ತಾ ಬಚ್ಚಲಿನ ಕಡೆ ತಿರುಗಿದಳು. ಆಕೆ ತೊಳೆದುಕೊಂಡು ಬರುವವರೆಗೂ ಮಾರೆಮ್ಮ ನಡುಗುತ್ತಾ ಅಲ್ಲೇ ನಿಂತಿದ್ದಳು.